ಎರೆ ನೆಲಕ್ಕೊಪ್ಪುವ ವಾಹನ: ಸಣ್ಣ ಫೋರ್ ವ್ಹೀಲ್ ಡ್ರೈವ್ ಗಾಡಿಯ ಆಯ್ಕೆ

ತಾವರಗೇರಾ, ಕುಷ್ಟಗಿ, ಯಲಬುರ್ಗಾ ಭಾಗದ ವರ್ತಕರ ವ್ಯವಹಾರ ಪೇಟೆಯ ಅಂಗಡಿಯಲ್ಲಿಯೇ ಮುಗಿಯುವಂಥದ್ದಲ್ಲ. ಬೀಜ, ಗೊಬ್ಬರದ ವ್ಯಾಪಾರಿ ರೈತನ ಹೊಲದವರೆಗೆ ಹೋಗಬೇಕಾಗುತ್ತದೆ. ದಾಳಿಂಬೆ ಕೊಳ್ಳುವವರು ತೋಟದಲ್ಲಿ ನಿಂತು ಬೆಲೆ ಕಟ್ಟಬೇಕಾಗುತ್ತದೆ. ಗ್ರಾನೈಟ್ ಉದ್ಯಮಿಗೆ ಕ್ವಾರಿಯ ದಾರಿ ತಪ್ಪಿದ್ದಲ್ಲ. ಪಂಪ್‌ಸೆಟ್ ತಯಾರಕರಿಗೆ ದುರಸ್ತಿಯ ಕರೆ ಬರುವುದು ಊರ ಹೊರಗಿನ ಬಾವಿಯಿಂದಲೇ. ಡಾಂಬರು ರಸ್ತೆ ಎಷ್ಟೇ ಸುಧಾರಿಸಿದ್ದರೂ ಕೊನೆಯ ಎರಡು-ಮೂರು ಕಿಲೋಮೀಟರು ಇಂದಿಗೂ ಬಂಡಿಯ ಜಾಡೇ ಆಗಿದೆ.

ಈ ಕಾರಣದಿಂದ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಸಿಗುವ ವಾಹನ ಕೊಳ್ಳಬೇಕೆಂಬ ವಿಚಾರ ಅನೇಕ ವರ್ತಕ ಬಾಂಧವರಲ್ಲಿದೆ. ಆದರೆ ಹದಿನೈದು ಲಕ್ಷ ರೂಪಾಯಿಯ ಆಸುಪಾಸಿನ ಈ ಖರೀದಿ ಸಣ್ಣ ವ್ಯಾಪಾರಿಯ ಪಾಲಿಗೆ ದುಡಿಯುವ ಬಂಡವಾಳದ ದೊಡ್ಡ ಭಾಗ. ಜಾಹೀರಾತಿನ ಚಿತ್ರ ನೋಡಿ ಕೊಂಡ ಗಾಡಿ ಮೊದಲ ಮಳೆಗೇ ಎರೆಯಲ್ಲಿ ಹೂತು, ಟ್ರ್ಯಾಕ್ಟರಿನಿಂದ ಎಳೆಸಿಕೊಳ್ಳುವಂತಾದರೆ ಹಾನಿ ಎರಡು ಪಟ್ಟು. ಆದುದರಿಂದ ಮೊದಲು ನೆಲ, ಅನಂತರ ಹೊರೆ, ಕೊನೆಗೆ ದಾಖಲೆ ಹಾಗೂ ತೆರಿಗೆ, ಈ ಮೂರನ್ನು ಇದೇ ಕ್ರಮದಲ್ಲಿ ಪರಿಶೀಲಿಸಿದ ಮೇಲೆಯೇ ವಾಹನದ ಹೆಸರನ್ನು ವಿಚಾರಿಸುವುದು ಲೇಸು.

ನಮ್ಮ ನೆಲದ ಗುಣ

ಕೊಪ್ಪಳ ಜಿಲ್ಲೆಯಲ್ಲಿ ಎರೆ ಮತ್ತು ಮಸಾರಿ ಎರಡೂ ಬಗೆಯ ಭೂಮಿ ಇದೆ. ಎರೆಮಣ್ಣಿನಲ್ಲಿ ಜೇಡಿಯ ಅಂಶ ಅಧಿಕ. ನೀರು ಕುಡಿದಾಗ ಅದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಹಸಿ ಎರೆಯ ಮೇಲೆ ಗಾಡಿ ಸಾಗಿದಾಗ ಮಣ್ಣು ಟೈರಿನ ಹಲ್ಲುಗಳ ನಡುವೆ ಮೆತ್ತಿಕೊಂಡು ಟೈರನ್ನು ನುಣ್ಣಗಾಗಿಸುತ್ತದೆ. ಚಕ್ರ ತಿರುಗಿದರೂ ಗಾಡಿ ಮುಂದೆ ಹೋಗುವುದಿಲ್ಲ. ಇಂತಲ್ಲಿ ಎಂಜಿನ್ನಿನ ಶಕ್ತಿಯಿಂದ ಪ್ರಯೋಜನ ಕಡಿಮೆ. ವೇಗ ಹೆಚ್ಚಿಸಿದಷ್ಟೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಎರೆ ನೆಲದಲ್ಲಿ ಗೆಲ್ಲುವುದು ಹಗುರವಾದ ಗಾಡಿ, ಅಗಲ ಅಂತರದ ಹಲ್ಲುಗಳುಳ್ಳ ಟೈರು ಮತ್ತು ನಿಧಾನವಾದ ಗೇರು.

ಮಸಾರಿ ನೆಲದ ಸ್ವಭಾವ ಬೇರೆ. ಅಲ್ಲಿ ನೀರು ಬೇಗ ಇಂಗುತ್ತದೆ. ತೊಂದರೆ ಕೊಡುವುದು ಗರಸು, ಕಲ್ಲು ಮತ್ತು ಕೊರಕಲು. ಕ್ವಾರಿಯ ದಾರಿಯಲ್ಲಂತೂ ಒಡೆದ ಕಲ್ಲಿನ ಅಂಚು ಟೈರಿನ ಪಕ್ಕದ ಗೋಡೆಯನ್ನು ಸೀಳುತ್ತದೆ. ಇಲ್ಲಿ ಬೇಕಾದುದು ನೆಲದಿಂದ ಸಾಕಷ್ಟು ಎತ್ತರ, ಗಟ್ಟಿ ಟೈರು ಮತ್ತು ಪೂರ್ಣ ಅಳತೆಯ ಸ್ಟೆಪ್ನಿ. ಹಳ್ಳದ ಮರಳು ಮೂರನೆಯ ಬಗೆ. ಮರಳಿನಲ್ಲಿ ಟೈರಿನ ಗಾಳಿಯನ್ನು ಸ್ವಲ್ಪ ಇಳಿಸಿದರೆ ಅದು ಅಗಲವಾಗಿ ಊರಿ, ಗಾಡಿ ಹೂಳುವುದಿಲ್ಲ. ಆದರೆ ರಸ್ತೆಗೆ ಬಂದೊಡನೆ ಮತ್ತೆ ಗಾಳಿ ತುಂಬಲು ಪಂಪು ಜೊತೆಗಿರಬೇಕು.

ನಮ್ಮ ಭಾಗದಲ್ಲಿ ಎರೆದಾರಿ ಕೆಡುವುದು ಮುಖ್ಯವಾಗಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆಗೆ. ಉಳಿದ ದಿನಗಳಲ್ಲಿ ಎತ್ತರವಾದ ಸಾಮಾನ್ಯ ವಾಹನವೂ ನಡೆಯುತ್ತದೆ. ಕಳೆದ ವರ್ಷ ಎಷ್ಟು ದಿನ ಗಾಡಿ ಹೋಗದೆ ಕೆಲಸ ನಿಂತಿತು, ಅದರಿಂದ ಆದ ನಷ್ಟವೆಷ್ಟು ಎಂಬುದನ್ನು ಬರೆದು ನೋಡಬೇಕು. ಆ ದಿನಗಳು ಹತ್ತಕ್ಕಿಂತ ಕಡಿಮೆ ಇದ್ದರೆ ಎರಡು ದಿನ ನೆಲ ಒಣಗಲು ಕಾಯುವುದೋ, ಟ್ರ್ಯಾಕ್ಟರು ಬಾಡಿಗೆಗೆ ಹಿಡಿಯುವುದೋ ಅಗ್ಗ. ಹಸಿ ದಾರಿಯಲ್ಲಿ ಗಾಡಿ ನುಗ್ಗಿಸಿ ಜಾಡು ಕೆಡಿಸಿದ ವ್ಯಾಪಾರಿಗೆ ಮರುವರ್ಷ ಆ ಹೊಲದ ಮಾಲು ಸಿಗುವುದು ಕಷ್ಟವೆಂಬುದೂ ನೆನಪಿರಲಿ.

ಯಂತ್ರದ ವಿಚಾರ

ಪೇಟೆಯಲ್ಲಿ ಎತ್ತರವಾಗಿ ಕಾಣುವ ಗಾಡಿಗಳಲ್ಲಿ ಬಹುಪಾಲು ಎರಡೇ ಚಕ್ರಗಳ ಚಾಲನೆಯವು. ನಾಲ್ಕು ಚಕ್ರ ಚಾಲನೆಯಲ್ಲಿಯೂ ಎರಡು ವರ್ಗಗಳಿವೆ. ಒಂದು, ಜಾರಿದಾಗ ತಾನಾಗಿಯೇ ಉಳಿದ ಎರಡು ಚಕ್ರಗಳಿಗೂ ಬಲ ಹಂಚುವ ರಸ್ತೆಯ ಗಾಡಿ. ಇನ್ನೊಂದು, ಪ್ರತ್ಯೇಕ ಟ್ರಾನ್ಸ್‌ಫರ್ ಕೇಸ್ ಮತ್ತು ಲೋ ರೇಂಜ್ ಗೇರು ಹೊಂದಿದ ಗಟ್ಟಿ ಚೌಕಟ್ಟಿನ ಗಾಡಿ. ಲೋ ರೇಂಜಿನಲ್ಲಿ ಚಕ್ರ ಬಹಳ ನಿಧಾನವಾಗಿ, ಹೆಚ್ಚು ಎಳೆತದೊಂದಿಗೆ ತಿರುಗುತ್ತದೆ. ಕ್ಲಚ್ ಸುಡದೆ ಏರು ಹತ್ತಬಹುದು, ಬ್ರೇಕ್ ಒತ್ತದೆ ಇಳಿಯಬಹುದು. ನಮ್ಮ ಕೆಲಸಕ್ಕೆ ಎರಡನೆಯ ವರ್ಗವೇ ಸೂಕ್ತ.

ನಾಲ್ಕು ಚಕ್ರ ಚಾಲನೆ ಇದ್ದರೂ ಗಾಡಿ ಸಿಕ್ಕಿಬೀಳುವುದುಂಟು. ಸಾಮಾನ್ಯ ಡಿಫರೆನ್ಷಿಯಲ್ ಬಲವನ್ನು ಸುಲಭವಾಗಿ ತಿರುಗುವ ಚಕ್ರದ ಕಡೆಗೆ ಹರಿಯಬಿಡುತ್ತದೆ. ಮುಂದೊಂದು, ಹಿಂದೊಂದು ಚಕ್ರ ಜಾರಿದರೆ ಉಳಿದ ಎರಡು ಸುಮ್ಮನೆ ನಿಲ್ಲುತ್ತವೆ. ಇದನ್ನು ತಡೆಯಲು ಕೆಲವು ಗಾಡಿಗಳಲ್ಲಿ ಜಾರುವ ಚಕ್ರಕ್ಕೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆಯಿದೆ, ಕೆಲವುಗಳಲ್ಲಿ ಡಿಫರೆನ್ಷಿಯಲ್ ಲಾಕ್ ಇದೆ. ಕೊಳ್ಳಲಿರುವ ಮಾದರಿಯಲ್ಲಿ ಯಾವುದಿದೆ ಎಂದು ಖಚಿತವಾಗಿ ಕೇಳಬೇಕು. ಟ್ರಾನ್ಸ್‌ಫರ್ ಕೇಸಿನ ಗಾಡಿಯನ್ನು ಒಣ ಡಾಂಬರಿನ ಮೇಲೆ ನಾಲ್ಕು ಚಕ್ರ ಚಾಲನೆಯಲ್ಲಿ ಓಡಿಸಿದರೆ ಟೈರು ಸವೆಯುವುದಲ್ಲದೆ ಗೇರು, ಶಾಫ್ಟುಗಳ ಮೇಲೆ ಒತ್ತಡ ಬೀಳುತ್ತದೆ ಎಂಬುದನ್ನು ಚಾಲಕನಿಗೆ ತಿಳಿಸಿರಬೇಕು.

ಲಭ್ಯವಿರುವ ಗಾಡಿಗಳು

ನಮ್ಮ ದೇಶದಲ್ಲಿ ಈ ವರ್ಗದ ಇತಿಹಾಸ ಮಹೀಂದ್ರಾ ಸಂಸ್ಥೆ 1947ರಲ್ಲಿ ವಿಲ್ಲಿಸ್ ಜೀಪು ಜೋಡಿಸಲಾರಂಭಿಸಿದಲ್ಲಿಂದ ಬರುತ್ತದೆ. 1985ರಲ್ಲಿ ಬಂದ ಮಾರುತಿ ಜಿಪ್ಸಿ ಸುಮಾರು ಒಂದು ಟನ್ ತೂಕದ ಪೆಟ್ರೋಲ್ ಗಾಡಿ. ಹಗುರವಾಗಿದ್ದುದೇ ಅದರ ದೊಡ್ಡ ಗುಣ. ಅದರ ತಯಾರಿಕೆ 2019ರ ವೇಳೆಗೆ ನಿಂತಿತು.

ಜಿಪ್ಸಿಯ ಸ್ಥಾನಕ್ಕೆ 2023ರ ಜೂನ್‌ನಲ್ಲಿ ಮಾರುತಿ ಜಿಮ್ನಿ ಬಂದಿತು. 1,462 ಸಿ.ಸಿ. ಪೆಟ್ರೋಲ್ ಎಂಜಿನ್, ಸುಮಾರು 1,200 ಕಿ.ಗ್ರಾಂ. ತೂಕ, ನೆಲದಿಂದ 210 ಮಿ.ಮೀ. ಎತ್ತರ, ಲೋ ರೇಂಜ್ ಗೇರು ಇದರಲ್ಲಿವೆ. ಬಿಡುಗಡೆಯ ಸಮಯದಲ್ಲಿ ಷೋರೂಂ ಬೆಲೆ 12.74 ಲಕ್ಷ ರೂಪಾಯಿಯಿಂದ ಆರಂಭವಾಗಿತ್ತು. ತೂಕದ ದೃಷ್ಟಿಯಿಂದ ಎರೆ ನೆಲಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. ಕೊರತೆಗಳೆಂದರೆ, ಡೀಸೆಲ್ ಇಲ್ಲ, ನಾಲ್ವರಿಗೆ ಮಾತ್ರ ಆಸನ, ಸಾಮಾನಿಗೆ ಜಾಗ ಕಡಿಮೆ.

ಮಹೀಂದ್ರಾ ಥಾರ್ 2010ರಲ್ಲಿ ಬಂದು 2020ರಲ್ಲಿ ಹೊಸ ರೂಪ ಪಡೆಯಿತು. ಹೊಸ ಥಾರ್ ಪೆಟ್ರೋಲ್, ಡೀಸೆಲ್ ಎರಡರಲ್ಲಿಯೂ ಇದೆ. ನೆಲದಿಂದ ಎತ್ತರ 226 ಮಿ.ಮೀ., 650 ಮಿ.ಮೀ. ಆಳದ ನೀರು ದಾಟಬಲ್ಲದೆಂದು ಕಂಪನಿ ಹೇಳುತ್ತದೆ. ಎಳೆಯುವ ಬಲ ಹೆಚ್ಚು. ಆದರೆ ಜಿಮ್ನಿಗಿಂತ ನೂರಾರು ಕಿಲೋ ಭಾರ. ಆದುದರಿಂದ ಕ್ವಾರಿ ಮತ್ತು ಮಸಾರಿಯ ಕೆಲಸಕ್ಕೆ ಥಾರ್, ಹಸಿ ಎರೆಯ ಓಡಾಟಕ್ಕೆ ಜಿಮ್ನಿ ಎಂದು ಸ್ಥೂಲವಾಗಿ ಹೇಳಬಹುದು. ಒಂದು ಎಚ್ಚರಿಕೆ: 2023ರ ಜನವರಿಯಿಂದ ಥಾರ್ ಹಿಂದಿನ ಎರಡು ಚಕ್ರಗಳ ಚಾಲನೆಯಲ್ಲಿಯೂ ಮಾರಾಟವಾಗುತ್ತಿದೆ. ನೋಟ ಒಂದೇ ಆಗಿರುವುದರಿಂದ ಬಿಲ್ಲಿನಲ್ಲಿ ಮಾದರಿಯ ಹೆಸರನ್ನು ನೋಡಿಯೇ ಮುಂಗಡ ಕೊಡಬೇಕು.

ಫೋರ್ಸ್ ಗೂರ್ಖಾದಲ್ಲಿ ಮುಂದೆ, ಹಿಂದೆ ಎರಡೂ ಕಡೆ ಡಿಫರೆನ್ಷಿಯಲ್ ಲಾಕ್ ಇದೆ. ಅತಿ ಕಠಿಣ ದಾರಿಗೆ ಅದು ಸಮರ್ಥ. 2024ರಲ್ಲಿ ಮೂರು ಬಾಗಿಲಿನ ಮಾದರಿಯ ಬೆಲೆ 16.75 ಲಕ್ಷ ರೂಪಾಯಿ ಇದ್ದುದರಿಂದ ಅಗ್ಗದ ವರ್ಗಕ್ಕೆ ಸೇರದು. ಇನ್ನು ಮಹೀಂದ್ರಾ ಬೊಲೆರೋ ಕ್ಯಾಂಪರ್ ಮಾದರಿಯ ಪಿಕಪ್‌ನಲ್ಲಿ ನಾಲ್ಕು ಚಕ್ರ ಚಾಲನೆಯ ಗಾಡಿಯೂ ಬಂದಿದೆ. ಮೋಟಾರು, ಪೈಪು, ಗೊಬ್ಬರದ ಚೀಲ ಸಾಗಿಸುವವರು ಅದರ ಲಭ್ಯತೆಯನ್ನು ವಿತರಕರಲ್ಲಿ ವಿಚಾರಿಸುವುದು ಒಳಿತು.

ಡೀಸೆಲ್ ಗಾಡಿ ಕೊಳ್ಳುವವರಿಗೆ ಇನ್ನೊಂದು ಮಾತು. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿ.ಎಸ್. 6 ನಿಯಮದನ್ವಯ ಈ ಗಾಡಿಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಶೋಧಕವಿರುತ್ತದೆ. ಹೊಲದ ದಾರಿಯ ನಿಧಾನದ, ಚಿಕ್ಕ ಓಡಾಟದಲ್ಲಿ ಆ ಮಸಿ ಸುಟ್ಟುಹೋಗದೆ ಶೋಧಕ ಕಟ್ಟಿಕೊಳ್ಳುತ್ತದೆ. ಆಗಾಗ ಕುಷ್ಟಗಿಯ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸುವುದರಿಂದ ಈ ತೊಂದರೆ ತಪ್ಪುತ್ತದೆ. ದಿನಕ್ಕೆ ಐದಾರು ಕಿಲೋಮೀಟರು ಮಾತ್ರ ಓಡಾಡುವವರಿಗೆ ಪೆಟ್ರೋಲ್ ಗಾಡಿಯೇ ನಿರಾತಂಕ.

ತೆರಿಗೆಯ ಲೆಕ್ಕ

ವರ್ತಕರು ಸಾಮಾನ್ಯವಾಗಿ ಮರೆಯುವುದು ಇದನ್ನೇ. 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ದರಗಳು ಬದಲಾಗಿವೆ. ನಾಲ್ಕು ಮೀಟರಿನೊಳಗಿನ ಉದ್ದದ, 1,200 ಸಿ.ಸಿ.ವರೆಗಿನ ಪೆಟ್ರೋಲ್ ಅಥವಾ 1,500 ಸಿ.ಸಿ.ವರೆಗಿನ ಡೀಸೆಲ್ ಕಾರಿಗೆ ಶೇ. 18; ಅದನ್ನು ಮೀರಿದವಕ್ಕೆ ಶೇ. 40. ಜಿಮ್ನಿ ಮತ್ತು ನಾಲ್ಕು ಚಕ್ರ ಚಾಲನೆಯ ಥಾರ್ ಎರಡೂ ಉದ್ದದಲ್ಲಿ ನಾಲ್ಕು ಮೀಟರಿನೊಳಗಿದ್ದರೂ ಎಂಜಿನ್ನಿನ ಗಾತ್ರದ ಕಾರಣ ಶೇ. 40ರ ಕೆಳಗೆ ಬರುತ್ತವೆ. ಸರಕು ಸಾಗಣೆಯ ಪಿಕಪ್‌ಗೆ ಶೇ. 18 ಮಾತ್ರ.

ಇದಕ್ಕಿಂತ ಮುಖ್ಯವಾದುದು ತೆರಿಗೆ ಜಮೆ. ಜಿ.ಎಸ್.ಟಿ. ಕಾಯ್ದೆಯ 17(5)ನೆಯ ಕಲಮಿನಂತೆ, ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನದ ಮೇಲೆ ತೆತ್ತ ತೆರಿಗೆಯನ್ನು ಸಾಮಾನ್ಯ ವ್ಯಾಪಾರಿ ಜಮೆ ಪಡೆಯುವಂತಿಲ್ಲ. ಗಾಡಿ ಅಂಗಡಿಯ ಹೆಸರಿನಲ್ಲಿದ್ದರೂ ಇಲ್ಲ. ಸರಕು ವಾಹನಕ್ಕೆ ಈ ನಿರ್ಬಂಧ ಅನ್ವಯಿಸದು.

ಉದಾಹರಣೆಗೆ, ತೆರಿಗೆಗೆ ಮುಂಚಿನ ಬೆಲೆ ಎರಡಕ್ಕೂ 10 ಲಕ್ಷ ಎಂದಿಟ್ಟುಕೊಳ್ಳೋಣ. ಪ್ರಯಾಣಿಕ ಗಾಡಿಗೆ 4 ಲಕ್ಷ ತೆರಿಗೆ ಸೇರಿ 14 ಲಕ್ಷ. ಅದರ ಮೇಲೆ ಕರ್ನಾಟಕದ ಆಜೀವ ತೆರಿಗೆ 10ರಿಂದ 20 ಲಕ್ಷದ ವರ್ಗಕ್ಕೆ ಶೇ. 17ರಂತೆ 2.38 ಲಕ್ಷ, ಜೊತೆಗೆ ಉಪಕರ. ಹೀಗೆ ಮೊತ್ತ 16.38 ಲಕ್ಷವನ್ನು ಮೀರುತ್ತದೆ. ಪಿಕಪ್‌ಗೆ ತೆತ್ತ 1.8 ಲಕ್ಷ ತೆರಿಗೆ ಜಮೆಯಾಗಿ ಮರಳಿದರೆ ಮೂಲ ವೆಚ್ಚ 10 ಲಕ್ಷ ಮತ್ತು ರಸ್ತೆ ತೆರಿಗೆ ಮಾತ್ರ. ಆದರೆ ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಜಮೆ ಇಲ್ಲ. ತೆರಿಗೆ ಇಲ್ಲದ ಬಿಡಿ ಧಾನ್ಯದ ವ್ಯಾಪಾರಕ್ಕಷ್ಟೇ ಬಳಸುವ ಗಾಡಿಗೂ ಇಲ್ಲ. ಜಮೆ ಪಡೆದ ತೆರಿಗೆಯ ಮೊತ್ತದ ಮೇಲೆ ಆದಾಯ ತೆರಿಗೆಯಲ್ಲಿ ಸವಕಳಿ ಕೇಳುವಂತಿಲ್ಲ. ಖರೀದಿಗೆ ಮೊದಲೇ ಲೆಕ್ಕಪರಿಶೋಧಕರನ್ನು ಕಾಣುವುದು ಉಚಿತ.

ಸರಕು ವಾಹನದ ಹೊಣೆಯೂ ಇದೆ. ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿವರ್ಷ ಅರ್ಹತಾ ಪತ್ರ ಮಾಡಿಸಬೇಕು. ಒಟ್ಟು ತೂಕ 3,000 ಕಿ.ಗ್ರಾಂ. ಮೀರದಿದ್ದರೆ ಪರ್ಮಿಟ್ ಬೇಕಿಲ್ಲ. ಲಘು ವಾಹನದ ಲೈಸೆನ್ಸ್ ಇದ್ದವರು 7,500 ಕಿ.ಗ್ರಾಂ. ಒಳಗಿನ ಸಾರಿಗೆ ವಾಹನವನ್ನೂ ನಡೆಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ತೀರ್ಪಿತ್ತಿದೆ. ಆದರೆ ಹಿಂದಿನ ತೊಟ್ಟಿಯಲ್ಲಿ ಕೂಲಿಗಳನ್ನು ಕೂರಿಸಿ ಕರೆದೊಯ್ಯುವುದು ಕಾನೂನುಬಾಹಿರ. ಅಪಘಾತವಾದರೆ ಪರಿಹಾರದ ಭಾರ ಮಾಲೀಕನ ತಲೆಯ ಮೇಲೆಯೇ ಬೀಳಬಹುದು.

ಹಳೆಯ ಗಾಡಿ ಕೊಳ್ಳುವವರಿಗೆ

ಬಂಡವಾಳ ಕಡಿಮೆ ಇದ್ದವರಿಗೆ ಹಳೆಯ ಜಿಪ್ಸಿ, ಹಳೆಯ ಮಹೀಂದ್ರಾ ಜೀಪು ಒಳ್ಳೆಯ ದಾರಿ. ಯಂತ್ರ ಸರಳ, ನಮ್ಮ ಊರಿನ ಮೆಕ್ಯಾನಿಕರೇ ಬಿಚ್ಚಿ ಜೋಡಿಸಬಲ್ಲರು. ಆದರೆ ಪರೀಕ್ಷೆ ಕಟ್ಟುನಿಟ್ಟಾಗಿರಬೇಕು. ಚೌಕಟ್ಟಿಗೆ, ವಿಶೇಷವಾಗಿ ಸ್ಪ್ರಿಂಗು ಪಟ್ಟಿ ಕೂರುವ ಜಾಗಕ್ಕೆ, ತುಕ್ಕು ಹಿಡಿದಿದೆಯೇ? ಹೊಲದಲ್ಲಿ ನಾಲ್ಕು ಚಕ್ರ ಚಾಲನೆ ಮತ್ತು ಲೋ ರೇಂಜ್ ಹಾಕಿದಾಗ ಮುಂದಿನ ಚಕ್ರಗಳು ನಿಜವಾಗಿ ಎಳೆಯುತ್ತವೆಯೇ? ಚಾಸಿ ಮತ್ತು ಎಂಜಿನ್ ಸಂಖ್ಯೆ ನೋಂದಣಿ ಪುಸ್ತಕದೊಂದಿಗೆ ತಾಳೆಯಾಗುತ್ತವೆಯೇ? ಎಂಜಿನ್ ಬದಲಿಸಿದ್ದರೆ ಅದು ದಾಖಲಾಗಿದೆಯೇ? ಸಾಲದ ನಮೂದು ತೆಗೆದಿದ್ದಾರೆಯೇ?

ಖಾಸಗಿ ವಾಹನದ ನೋಂದಣಿಯನ್ನು 15 ವರ್ಷಗಳ ಅನಂತರ ನವೀಕರಿಸಬೇಕಾಗುತ್ತದೆ. ಕಾರು, ಜೀಪುಗಳಿಗೆ ಈ ಶುಲ್ಕ 2022ರ ಏಪ್ರಿಲ್ 1ರಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದವಕ್ಕೆ 2025ರಲ್ಲಿ ಮತ್ತೆ ಹೆಚ್ಚಿತು. ಕಂಪನಿಯ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ಮಾರ್ಪಡಿಸಿದ ವಾಹನವನ್ನು ನೋಂದಾಯಿಸುವಂತಿಲ್ಲವೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದರಿಂದ, ಚೌಕಟ್ಟು ಕತ್ತರಿಸಿದ, ಮಿತಿಮೀರಿ ಎತ್ತರಿಸಿದ ಜೀಪಿನಿಂದ ದೂರವಿರುವುದು ಕ್ಷೇಮ.

ಕೊನೆಯ ನಿರ್ಧಾರ

ಒಬ್ಬರಿಬ್ಬರು ಓಡಾಡುವ ಕೆಲಸ, ಎರೆ ನೆಲ, ವರ್ಷಕ್ಕೆ ಹಲವು ವಾರ ಹಸಿ ದಾರಿ ಎಂದಾದರೆ ಹಗುರವಾದ ಪೆಟ್ರೋಲ್ ಗಾಡಿ. ಕಲ್ಲು ದಾರಿ, ದೂರದ ಓಡಾಟ ಇದ್ದರೆ ಡೀಸೆಲ್ ಥಾರ್. ಹೊರೆಯೇ ಮುಖ್ಯವಾದರೆ ಪಿಕಪ್. ಒಣ ದಿನಗಳ ಓಡಾಟವಷ್ಟೇ ಆದರೆ ಎರಡು ಚಕ್ರ ಚಾಲನೆಯ ಎತ್ತರದ ಗಾಡಿಗೆ ಒಳ್ಳೆಯ ಟೈರು ಹಾಕಿಸಿದರೆ ಸಾಕು; ಉಳಿದ ಹಣ ದಾಸ್ತಾನಿಗೆ ಆಗುತ್ತದೆ. ಯಾವುದೇ ಗಾಡಿಯಾದರೂ ಬಿಡಿಭಾಗ ಮತ್ತು ಸರ್ವಿಸ್ ಗಂಗಾವತಿ, ಕೊಪ್ಪಳ, ಸಿಂಧನೂರು, ಹೊಸಪೇಟೆಗಳಲ್ಲಿ ಎಲ್ಲಿ ಸಿಗುತ್ತದೆಂದು ಮೊದಲೇ ಕೇಳಬೇಕು. ಸಾಧ್ಯವಾದರೆ ಮಳೆಯಾದ ಮರುದಿನ, ತಮ್ಮದೇ ಹೊರೆ ಹೇರಿ, ತಾವು ನಿತ್ಯ ಹೋಗುವ ದಾರಿಯಲ್ಲಿಯೇ ಓಡಿಸಿ ನೋಡಿದ ಮೇಲೆ ಮುಂಗಡ ಕೊಡುವುದು ವಿಹಿತ.