ನಿಮಗಿದು ಗೊತ್ತೇ? ಕ್ಯಾರಿಯರ್ ಮೇಲೊಂದು ಮನೆ

ಸೈಕಲ್ಲಿನಲ್ಲಿ ನಾಲ್ಕೈದು ದಿನ ಊರೂರು ಸುತ್ತಿ, ಕತ್ತಲಾದಲ್ಲಿ ಟೆಂಟು ಹಾಕಿ ಮಲಗುವ ಯೋಚನೆ ಇದೆಯೇ? ಗಂಟು ಕಟ್ಟುವ ಮೊದಲು ಇಷ್ಟು ಓದಿಕೊಳ್ಳಿ.

● ಸೈಕಲ್ ಮೇಲೆ ಭೂಮಿ ಸುತ್ತಿದ ಮೊದಲಿಗ ಥಾಮಸ್ ಸ್ಟೀವನ್ಸ್ ಟೆಂಟನ್ನೇ ಒಯ್ದಿರಲಿಲ್ಲ. 1884ರ ಏಪ್ರಿಲ್ 22ರಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟಾಗ ಅವನ ಗಂಟಿನಲ್ಲಿದ್ದದ್ದು ಕಾಲುಚೀಲ, ಇನ್ನೊಂದು ಅಂಗಿ, ಒಂದು ರೇನ್‌ಕೋಟು, ಒಂದು ರಿವಾಲ್ವರ್. ರೇನ್‌ಕೋಟೇ ಹಾಸಿಗೆ, ಅದೇ ಟೆಂಟು. ಸೈಕಲ್ಲಿನ ಮುಂದಿನ ಚಕ್ರ 50 ಇಂಚಿನದು, ಹಿಂದಿನದು ಪುಟಾಣಿ. ಗೇರಿಲ್ಲ, ಗಾಳಿ ಟೈರೂ ಇಲ್ಲ. ಡನ್ಲಪ್ ತನ್ನ ಗಾಳಿ ಟೈರಿಗೆ ಪೇಟೆಂಟ್ ಪಡೆದದ್ದು 1888ರಲ್ಲಿ. ಅಷ್ಟರಲ್ಲಿ ಸ್ಟೀವನ್ಸ್ ಜಪಾನಿನ ಯೊಕೊಹಾಮಾ ತಲುಪಿ ಒಂದು ವರ್ಷದ ಮೇಲಾಗಿತ್ತು. ದಾರಿಯಲ್ಲಿ ಲಾಹೋರಿನಿಂದ ಕಲ್ಕತ್ತೆಯವರೆಗೆ ನಮ್ಮ ಗ್ರ್ಯಾಂಡ್ ಟ್ರಂಕ್ ರಸ್ತೆಯನ್ನೂ ತುಳಿದಿದ್ದ.

● ರೇನ್‌ಕೋಟನ್ನೇ ಹಾಸಿಗೆ ಮಾಡಿಕೊಳ್ಳುವಂಥ ಉಪಾಯ ನಮಗೇನೂ ಹೊಸದಲ್ಲ ಬಿಡಿ. ಹಗಲು ಮಳೆಗೆ ಕೊಪ್ಪೆ, ರಾತ್ರಿ ಹಾಸಿಗೆ, ಚಳಿಗೆ ಹೊದಿಕೆ, ಹೀಗೆ ಒಂದೇ ಕಂಬಳಿಯಲ್ಲಿ ಮೂರು ಕೆಲಸ ಮುಗಿಸುವ ಕುರಿಗಾಹಿಗಳು ಬಯಲುಸೀಮೆಯಲ್ಲಿ ಇಂದಿಗೂ ಇದ್ದಾರೆ. ಉಣ್ಣೆ ಒದ್ದೆಯಾದರೂ ಒಂದಿಷ್ಟು ಬೆಚ್ಚಗಿಡುತ್ತದೆ. ದುಬಾರಿ ಸ್ಲೀಪಿಂಗ್ ಬ್ಯಾಗಿಗೆ ತುಂಬುವ ಬಾತುಕೋಳಿ ಪುಕ್ಕಕ್ಕೆ ಆ ಗುಣವಿಲ್ಲ. ನೆಂದರೆ ಮುದ್ದೆಗಟ್ಟಿ ತಣ್ಣಗಾಗುತ್ತದೆ. ಕಂಬಳಿಯ ತೊಂದರೆ ಒಂದೇ, ತೂಕ. ನೀರು ಕುಡಿದ ಕಂಬಳಿಯನ್ನು ಕ್ಯಾರಿಯರ್ ಮೇಲೆ ಹೇರಿದವರಿಗೇ ಗೊತ್ತು ಅದರ ಕಷ್ಟ.

● 1995ರ ಅಕ್ಟೋಬರ್‌ನಲ್ಲಿ ಸ್ವೀಡನ್ನಿನಲ್ಲಿ ಸೈಕಲ್ ಹತ್ತಿದ ಯೊರಾನ್ ಕ್ರೊಪ್, ಸುಮಾರು 108 ಕಿಲೋ ಸಾಮಾನಿನೊಂದಿಗೆ ನೇಪಾಳ ಮುಟ್ಟಿ, ಮರುವರ್ಷದ ಮೇ ತಿಂಗಳಲ್ಲಿ ಆಮ್ಲಜನಕದ ಸಿಲಿಂಡರ್ ಇಲ್ಲದೆ ಎವರೆಸ್ಟ್ ಹತ್ತಿದ. ಇಳಿದು ಬಂದು ಮತ್ತೆ ಸೈಕಲ್ ಹತ್ತಿದ. ನೀವು ಅವನಲ್ಲ. ನಾನಂತೂ ಅಲ್ಲವೇ ಅಲ್ಲ.

● 10 ಕಿಲೋ ಹೆಚ್ಚುವರಿ ಭಾರವನ್ನು 500 ಮೀಟರ್ ಎತ್ತರದ ಘಾಟಿ ಹತ್ತಿಸಲು ಮೈಗೆ ಬೀಳುವ ಖರ್ಚು ಹೆಚ್ಚುಕಡಿಮೆ ಒಂದು ಇಡ್ಲಿ! ಲೆಕ್ಕ ಹೀಗೆ: ಅಷ್ಟು ಭಾರ ಮೇಲೆತ್ತುವ ಕೆಲಸ 49 ಕಿಲೋಜೂಲ್, ಅಂದರೆ 12 ಕ್ಯಾಲೊರಿ. ನಮ್ಮ ಸ್ನಾಯುಗಳು ತಿಂದದ್ದರಲ್ಲಿ ಕಾಲುಭಾಗವನ್ನಷ್ಟೇ ಕೆಲಸಕ್ಕೆ ಹಾಕಿ ಉಳಿದದ್ದನ್ನು ಶಾಖವಾಗಿ ಕಳೆಯುವುದರಿಂದ ಒಟ್ಟು 50ರ ಆಸುಪಾಸು. ಹಾಗಿದ್ದರೆ ಭಾರ ಇಳಿಸಿ, ಭಾರ ಇಳಿಸಿ ಎಂದು ಎಲ್ಲರೂ ಹೇಳುವುದೇಕೆ? ಇಡ್ಲಿಯ ಚಿಂತೆಯಿಂದಲ್ಲ, ಮೊಣಕಾಲಿನ ಚಿಂತೆಯಿಂದ; ಹಿಂದಿನ ಚಕ್ರದ ಕಡ್ಡಿಗಳ ಚಿಂತೆಯಿಂದ.

● ಹಾಗೆ ಕಡ್ಡಿ ಮುರಿಯುವುದು ಬಹುಪಾಲು ಹಿಂದಿನ ಚಕ್ರದಲ್ಲೇ, ಅದೂ ಬಲಗಡೆ, ಚೈನು ಇರುವ ಕಡೆ. ಫ್ರೀವೀಲ್ ಬಿಚ್ಚದೆ ಹೊಸ ಕಡ್ಡಿ ಕೂರದ ಜಾಗ ಅದು! ಅದಕ್ಕೇ ಅನುಭವಸ್ಥರು ಅದೇ ಅಳತೆಯ ಎರಡು ಮೂರು ಕಡ್ಡಿಗಳನ್ನು ಫ್ರೇಮಿಗೆ ಟೇಪು ಸುತ್ತಿ ಅಂಟಿಸಿಕೊಂಡು, ಫ್ರೀವೀಲ್ ಬಿಚ್ಚುವ ಟೂಲನ್ನೂ ಒಯ್ಯುತ್ತಾರೆ.

● ಹತ್ತುವುದಕ್ಕಿಂತ ಇಳಿಯುವುದು ಸೈಕಲ್ಲಿಗೆ ಕಷ್ಟ. ಆಳು, ಸೈಕಲ್, ಸಾಮಾನು ಸೇರಿ 100 ಕಿಲೋ ಎನ್ನಿ. 500 ಮೀಟರ್ ಇಳಿದರೆ ಕಳೆಯಬೇಕಾದ ಶಕ್ತಿಯಲ್ಲಿ ಒಂದೂವರೆ ಲೀಟರ್ ನೀರು ಕುದಿ ಬರುತ್ತದೆ. ಒಂದಷ್ಟು ಗಾಳಿಗೆ ಹೋಗುತ್ತದೆ, ಉಳಿದದ್ದೆಲ್ಲ ಬ್ರೇಕಿನ ಪಾಲು. ರಿಮ್ಮಿಗೆ ಒತ್ತುವ ಬ್ರೇಕಾದರೆ ರಿಮ್ಮು ಕಾದು, ಒಳಗಿನ ಟ್ಯೂಬಿನ ಹಳೇ ಪ್ಯಾಚ್ ಬಿಟ್ಟುಕೊಳ್ಳುವುದುಂಟು. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ನಡುವೆ ಎರಡು ಕಡೆ ನಿಂತು ಫೋಟೊ ತೆಗೆಯಿರಿ, ರಿಮ್ಮೂ ತಣಿಯುತ್ತದೆ.

● ಸಮತಟ್ಟು ರಸ್ತೆಯಲ್ಲಿ ನಿಮ್ಮ ದೊಡ್ಡ ಶತ್ರು ಭಾರವಲ್ಲ, ಗಾಳಿ. ವೇಗ ಎರಡರಷ್ಟಾದರೆ ಗಾಳಿಯನ್ನು ಸೀಳಲು ಬೇಕಾದ ಕಸುವು ಎಂಟರಷ್ಟು. ಕರಾವಳಿಯಲ್ಲಿ ಹೊತ್ತೇರಿದ ಮೇಲೆ ಕಡಲಗಾಳಿ ಏಳುತ್ತದೆ. ಬೆಳಿಗ್ಗೆ ಐದೂವರೆಗೇ ಪೆಡಲು ತುಳಿಯುವವರು ಬಿಸಿಲಿಗೆ ಹೆದರಿ ಮಾತ್ರ ಹಾಗೆ ಮಾಡುವುದಲ್ಲ.

● ಎಡಗಡೆಯ ಪೆಡಲಿನ ತಿರುಪು ಉಲ್ಟಾ! ಬಸ್ಸಿನ ಡಿಕ್ಕಿಗೋ ರೈಲಿಗೋ ಹಾಕಲು ಸೈಕಲ್ ಬಿಚ್ಚುವಾಗ ಇದು ಗೊತ್ತಿಲ್ಲದೆ ಇಡೀ ಮೈಭಾರ ಹಾಕಿ ಸ್ಪ್ಯಾನರ್ ತಿರುಗಿಸಿ ಇನ್ನಷ್ಟು ಬಿಗಿ ಮಾಡಿದವರಲ್ಲಿ ಈ ಅಂಕಣಕಾರನೂ ಒಬ್ಬ. ತುಳಿಯುತ್ತಾ ತುಳಿಯುತ್ತಾ ಪೆಡಲು ತಾನೇ ಸಡಿಲಾಗದಿರಲಿ ಎಂದು ಮಾಡಿದ ಉಪಾಯ ಅದು. ನೆನಪಿಗೆ ಸುಲಭ ದಾರಿ: ಎರಡೂ ಪೆಡಲು ಬಿಚ್ಚಿಕೊಳ್ಳುವುದು ಸೈಕಲ್ಲಿನ ಹಿಂದಕ್ಕೆ ತಿರುಗಿಸಿದಾಗ.

● 26 ಇಂಚಿನ ಟೈರೆಲ್ಲ 26 ಇಂಚಿನದಲ್ಲ. ಮೌಂಟನ್ ಬೈಕಿನ 26 ಇಂಚು ಟೈರು ಕೂರುವ ರಿಮ್ಮಿನ ಅಡ್ಡಳತೆ 559 ಮಿಲಿಮೀಟರ್. ಹಳೇ ಮಾದರಿಯ 26 × 1½ ಎಂದರೆ 584. 26 × 1⅜ ಎಂದರೆ 590. ಮೂರೂ ಬೇರೆ ಬೇರೆ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ತಮಾಷೆ ಎಂದರೆ, ಈಚೆಗೆ 27.5 ಎಂಬ ಹೊಸ ಹೆಸರಿನಲ್ಲಿ ಮೆರೆಯುವ ಅಳತೆ ಆ ಹಳೇ 584ವೇ. ಹಾಲಿನ ಕ್ಯಾನು ಹೊರುವ ನಮ್ಮ ಕರೀ ಸೈಕಲ್ಲಿನ 28 × 1½ ಟೈರಿನದು 635. ಅಂಗಡಿಯಲ್ಲಿ ಇಂಚು ಹೇಳಬೇಡಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಮೂರಂಕಿ ಓದಿ ಹೇಳಿ.

● ಇನ್ನು ವಾಲು. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕು, ಪ್ರವಾಸ ನಿಲ್ಲುವುದು ಇಂಥ ಸಣ್ಣ ಸಾಮಾನಿನಿಂದಲೇ. ನಮ್ಮ ಊರುಗಳ ಸೈಕಲ್ ಶಾಪಿನಲ್ಲಿ ಕಾಣುವುದು ಒಳಗೆ ಸಣ್ಣ ರಬ್ಬರ್ ಕೊಳವೆ ತೊಟ್ಟ ವಾಲು. ಆ ವಾಲ್ ಟ್ಯೂಬ್ ಹರಿದರೆ ಅಂಗಡಿಯವನು ಕತ್ತರಿಯಲ್ಲಿ ತುಂಡು ಕತ್ತರಿಸಿ, ಎಂಜಲು ಹಚ್ಚಿ, ಸರ್ರನೆ ಏರಿಸಿ ಕೊಡುತ್ತಿದ್ದ. ಈಗಿನ ದುಬಾರಿ ಸೈಕಲ್ಲುಗಳದು ಕಡ್ಡಿಯಷ್ಟು ಸಪೂರದ ಪ್ರೆಸ್ಟಾ ವಾಲು. ಒಮ್ಮೆ ಕಡೂರಿನ ಕಡೆ ಪಂಕ್ಚರ್ ಹಾಕಿಕೊಂಡು, ಗಾಳಿ ಹೊಡೆಯಲು ನನ್ನ ಪಂಪು ಕೈಕೊಟ್ಟು, ಎರಡು ಕಿಲೋಮೀಟರ್ ತಳ್ಳಿಕೊಂಡು ಅಂಗಡಿಗೆ ಹೋದೆ. ಅಂಗಡಿಯವರು ಚಕ್ರ ತಿರುಗಿಸಿ ನೋಡಿ ನಕ್ಕರು: "ಇದೇನ್ ಸಾರ್, ಸೂಜಿ ಇದ್ದಂಗೈತೆ ವಾಲು! ನಮ್ ಪಂಪು ಇದಕ್ಕೆ ಕೂರಕ್ಕಿಲ್ಲ." ಬೆರಳ ತುದಿಯಷ್ಟಿರುವ ಒಂದು ಹಿತ್ತಾಳೆ ಅಡಾಪ್ಟರ್ ಇದ್ದಿದ್ದರೆ ಅದೇ ಅಂಗಡಿಯ ಬೈಕಿಗೆ ಗಾಳಿ ಹಿಡಿಯುವ ಮೆಷಿನ್ನಿನಲ್ಲೇ ಕೆಲಸ ಆಗುತ್ತಿತ್ತು. ಅದು ಇತ್ತು, ಮನೆಯಲ್ಲಿ, ಟೇಬಲ್ಲಿನ ಡ್ರಾಯರಿನಲ್ಲಿ. ಈಗ ಎರಡಿವೆ, ಎರಡೂ ವಾಲಿಗೇ ಸಿಕ್ಕಿಕೊಂಡಿವೆ.

● ಚೈನು ಹಿಗ್ಗುವುದಿಲ್ಲ, ಸವೆಯುತ್ತದೆ. ಪ್ರತಿ ಕೊಂಡಿಯ ಪಿನ್ನು ಒಂದಿಷ್ಟಿಷ್ಟೇ ಸವೆದು ಒಟ್ಟು ಉದ್ದವಾಗುತ್ತದೆ, ಅಷ್ಟೇ. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, 24 ಪಿನ್ನಿಗೆ ಸರಿಯಾಗಿ ಒಂದು ಅಡಿ. ಮಕ್ಕಳ ಸ್ಕೇಲು ಹಿಡಿದು ಅಳೆಯಿರಿ. ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಿದ್ದರೆ ಚೈನು ಬದಲಿಸಿ; ಎಂಟನೇ ಒಂದಾಗಿದ್ದರೆ ಅದು ಹಲ್ಲುಚಕ್ರಗಳನ್ನೂ ತಿಂದಿರುತ್ತದೆ. ಕೊಬ್ಬರಿ ಎಣ್ಣೆ ಹಚ್ಚುವವರಿಗೆ ಒಂದು ಕಿವಿಮಾತು: ಅದು ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಗಿನ ಮಡಿಕೇರಿಯಲ್ಲಿ ನಿಮ್ಮ ಚೈನು ಬೆಣ್ಣೆ ಮುರುಕು.

● ಈಗಿನ ಕ್ಯಾಂಪಿಂಗ್ ಹವ್ಯಾಸಕ್ಕೆ ಅಡಿಪಾಯ ಹಾಕಿದವನು ಒಬ್ಬ ದರ್ಜಿ! ಇಂಗ್ಲೆಂಡಿನ ಥಾಮಸ್ ಹೈರಮ್ ಹೋಲ್ಡಿಂಗ್ 1897ರಲ್ಲಿ ಗೆಳೆಯರೊಂದಿಗೆ ಐರ್ಲೆಂಡಿನ ಕಾನಮಾರಾದಲ್ಲಿ ಹಗುರ ಟೆಂಟು ಹೇರಿಕೊಂಡು ಸೈಕಲ್ ಸುತ್ತಾಟ ಮಾಡಿ, ಮರುವರ್ಷ ಪುಸ್ತಕ ಬರೆದ. 1901ರಲ್ಲಿ ಸೈಕಲ್ ಕ್ಯಾಂಪಿಗರ ಸಂಘವೇ ಹುಟ್ಟಿತು. ಬಟ್ಟೆಯ ತೂಕ, ಹೊಲಿಗೆಯ ಲೆಕ್ಕ ಬಲ್ಲವನ ಕೈಗೆ ಟೆಂಟು ಸಿಕ್ಕಿದ್ದು ನಮ್ಮ ಪುಣ್ಯ.

● ಅದೇ 1897ರಲ್ಲಿ ಅಮೆರಿಕದ ಸೇನೆಯ 25ನೇ ಪದಾತಿ ದಳದ 20 ಮಂದಿ ಕಪ್ಪು ಸೈನಿಕರು ಮೊಂಟಾನಾದ ಮಿಸೂಲಾದಿಂದ ಸೇಂಟ್ ಲೂಯಿಗೆ 1,900 ಮೈಲಿ ತುಳಿದರು. ಹಿಡಿದದ್ದು 41 ದಿನ. ಟೆಂಟು ಒಯ್ದ ರೀತಿ ನೋಡಿ: ಒಬ್ಬೊಬ್ಬನ ಹ್ಯಾಂಡಲ್ ಮೇಲೆ ಅರ್ಧರ್ಧ ಟೆಂಟು. ರಾತ್ರಿ ಇಬ್ಬರದು ಸೇರಿಸಿದರೆ ಒಂದು. ಜೊತೆಗಾರನೊಂದಿಗೆ ಜಗಳವಾಡುವ ಹಾಗೇ ಇಲ್ಲ.

● ಹೊರಡುವ ಮುಂಚೆ ಒಂದು ರಾತ್ರಿ ಮನೆಯ ತಾರಸಿ ಮೇಲೆ ಟೆಂಟು ಹಾಕಿ ಮಲಗಿ ನೋಡಿ. ನಾನು ಮಲಗಿದೆ. ಗೂಟ ಹೊಡೆಯಲು ತಾರಸಿಯಲ್ಲಿ ಮಣ್ಣಿಲ್ಲ, ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ. ಬೆಳಗಿನ ಜಾವ ನಾಲ್ಕಕ್ಕೆ ಮೂಗಿನ ಮೇಲೆ ತೊಟ್ಟು ನೀರು ಬಿತ್ತು. ಟೆಂಟು ಸೋರುತ್ತಿದೆ ಎಂದು ಮಾರಿದವನಿಗೆ ಮನಸ್ಸಿನಲ್ಲೇ ಬೈದು ಹೊರಗೆ ಬಂದರೆ ಆಕಾಶದ ತುಂಬ ನಕ್ಷತ್ರ! ಅದು ಮಳೆಯಲ್ಲ, ನನ್ನದೇ ಉಸಿರಿನ ಆವಿ ತಣ್ಣನೆ ಬಟ್ಟೆಗೆ ತಾಗಿ ಹನಿಗಟ್ಟಿದ್ದು. ಕಿಟಕಿ, ಜಿಪ್ಪು ಎಲ್ಲ ಬಿಗಿಯಾಗಿ ಮುಚ್ಚಿದ್ದರ ಫಲ. ಎರಡು ಪದರದ ಟೆಂಟಿನಲ್ಲಿ ಹೊರಪದರ ಒದ್ದೆಯಾದರೂ ನೀವು ಒಣಗಿಯೇ ಇರುತ್ತೀರಿ, ಗಾಳಿಯಾಡಲು ಬಿಟ್ಟರೆ. ಅಂದ ಹಾಗೆ, ಬೆಳಿಗ್ಗೆ ಹಾಲು ತರಲು ಎದ್ದ ಪಕ್ಕದ ಮನೆಯ ಅಜ್ಜಿ ನಮ್ಮವಳನ್ನು ಕೇಳಿದರಂತೆ: "ಏನಮ್ಮಾ, ರಾತ್ರಿ ಮಾತುಕತೆ ಜೋರಾಯ್ತಾ?"

● ರಾತ್ರಿ ಚಳಿ ಬರುವುದು ಮೇಲಿನಿಂದಷ್ಟೇ ಅಲ್ಲ, ಕೆಳಗಿನಿಂದಲೂ. ನೆಲ ಮೈಶಾಖವನ್ನು ಹೀರುತ್ತದೆ. ಸ್ಲೀಪಿಂಗ್ ಬ್ಯಾಗಿನ ಕೆಳಭಾಗ ಮೈಭಾರಕ್ಕೆ ಅಪ್ಪಚ್ಚಿಯಾಗಿ ಯಾವ ಪ್ರಯೋಜನಕ್ಕೂ ಬಾರದು. ಎರಡು ಹೊದಿಕೆಗಿಂತ ಒಂದು ಒಳ್ಳೆಯ ಚಾಪೆ ಮೇಲು. ಇನ್ನೊಂದು: ತಣ್ಣನೆ ಗಾಳಿ ಭಾರ, ನೀರಿನಂತೆ ತಗ್ಗಿಗೆ ಹರಿದು ನಿಲ್ಲುತ್ತದೆ. ಕೆರೆಯ ಅಂಗಳಕ್ಕಿಂತ ನಾಲ್ಕು ಮಾರು ಮೇಲಿನ ದಿಬ್ಬ ಬೆಚ್ಚಗಿರುತ್ತದೆ.

● ಸ್ಲೀಪಿಂಗ್ ಬ್ಯಾಗಿನ ಚೀಟಿಯಲ್ಲಿ ಎರಡು ಮೂರು ಉಷ್ಣಾಂಶ ಅಚ್ಚಾಗಿರುತ್ತವೆ. ನಂಬಬೇಕಾದದ್ದು ‘ಕಂಫರ್ಟ್’ ಎಂಬುದನ್ನು. ‘ಎಕ್ಸ್‌ಟ್ರೀಮ್’ ಎಂದಿದ್ದರೆ, ಅಷ್ಟು ಚಳಿಯಲ್ಲಿ ಪ್ರಾಣ ಉಳಿದೀತು ಎಂದರ್ಥ, ನಿದ್ದೆಯ ಮಾತಲ್ಲ.

● ಗ್ಯಾಸ್ ಸ್ಟೌವ್, ಸಿಲಿಂಡರ್ ರೈಲಿನಲ್ಲಿ ಒಯ್ಯುವಂತಿಲ್ಲ; ವಿಮಾನದಲ್ಲೂ ಗ್ಯಾಸ್ ಡಬ್ಬಿ ನಿಷಿದ್ಧ. ಅದಕ್ಕೆ ನಮ್ಮಲ್ಲಿ ಸ್ಟೌವೇ ಬೇಡದ ಅಡುಗೆ ಇದೆ: ಹುರಿಹಿಟ್ಟು. ಅರಳಿಸಿದ ರಾಗಿಯ ಹಿಟ್ಟು ಆಗಲೇ ಬೆಂದಿರುತ್ತದೆ. ಬೆಲ್ಲ, ನೀರು ಹಾಕಿ ಕಲಸಿದರೆ ಊಟ, ಮಜ್ಜಿಗೆಗೆ ಹಾಕಿದರೆ ಪಾನಕ. ಪೇಪರ್ ಅವಲಕ್ಕಿಗೆ ನೆನೆಸುವ ಗೊಡವೆಯೂ ಇಲ್ಲ. ಹೊರದೇಶದ ಪ್ಯಾಕೆಟ್ ಊಟಕ್ಕೆ ನೂರಾರು ರೂಪಾಯಿ ಕೊಡುವವರನ್ನು ಕಂಡರೆ ನನಗೆ ನಗು ಬರುತ್ತದೆ.

● ಬೆವರು ಸುರಿಸಿ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ತಿಳಿಯಾಗಿ ತಲೆನೋವು, ವಾಕರಿಕೆ, ಇನ್ನೂ ಮುಂದೆ ಹೋದರೆ ಪ್ರಜ್ಞೆ ತಪ್ಪುವ ತನಕ ಹೋಗಬಹುದು. ಉಪ್ಪು ಹಾಕಿದ ನೀರುಮಜ್ಜಿಗೆ ಸಾಕು. ಹೊಟ್ಟೆ ಕೆಟ್ಟರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎಲ್ಲ ಮಟ್ಟಸವಾಗಿ. ಸಕ್ಕರೆ ರುಚಿಗಲ್ಲ, ಕರುಳು ಉಪ್ಪನ್ನು ಒಳಗೆ ಎಳೆದುಕೊಳ್ಳಲು ಅದರ ಆಸರೆ ಬೇಕು.

● ಮೆತ್ತನೆ ಸೀಟು ದೂರದ ದಾರಿಗೆ ಒಳ್ಳೆಯದಲ್ಲ. ಅರ್ಧ ಗಂಟೆ ಸುಖ, ಆಮೇಲೆ ಮೂಳೆ ಹೂತು ಸುತ್ತಲಿನ ಮಾಂಸಕ್ಕೆ ಒತ್ತಡ. ಕಿರುಬೆರಳು ಜೋಮು ಹಿಡಿಯುತ್ತಿದ್ದರೆ ಅಂಗೈಯ ನರ ಒತ್ತುತ್ತಿದೆ ಎಂದರ್ಥ. ಹ್ಯಾಂಡಲ್ ಹಿಡಿಯುವ ಜಾಗ ಬದಲಿಸುತ್ತಿರಿ.

● ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಮೋಟಾರಿನವರು ಎಂಟೂವರೆಗೆ ಗೇಟು ದಾಟಿಯಾರು. ಸೈಕಲ್ಲಿನವರ ಲೆಕ್ಕ ಬೇರೆ. ಕಾಡೊಳಗೆ ಟೆಂಟಿನ ಮಾತೇ ಬೇಡ, ಅದು ಆನೆಯ ಮನೆ.

● 1963ರ ಕೊರೆಯುವ ಚಳಿಗಾಲದಲ್ಲಿ ಐರ್ಲೆಂಡಿನ ಡರ್ವ್ಲಾ ಮರ್ಫಿ ಒಬ್ಬಳೇ ಸೈಕಲ್ಲಿನಲ್ಲಿ ದೆಹಲಿಗೆ ಹೊರಟಳು. ಮಾಡಿಕೊಂಡ ಸಿದ್ಧತೆ? ಸೈಕಲ್ಲಿನ ಗೇರನ್ನೇ ಕಿತ್ತು ಹಾಕಿಸಿದ್ದು! ದಾರಿಯ ದೂಳಿಗೆ, ಗುಂಡಿಗೆ ಅದು ತಾಳದು ಎಂಬುದು ಅವಳ ಲೆಕ್ಕ. ಪಿಸ್ತೂಲು ಹಾರಿಸಲೂ ಕಲಿತಳು. ಹತ್ತನೇ ಹುಟ್ಟುಹಬ್ಬಕ್ಕೆ ಒಂದು ಹಳೇ ಸೈಕಲ್, ಒಂದು ಅಟ್ಲಾಸು ಸಿಕ್ಕಾಗಲೇ ಭಾರತಕ್ಕೆ ಹೋಗುವುದೆಂದು ನಿಶ್ಚಯಿಸಿದ್ದಳಂತೆ; ತುಳಿದದ್ದು 31ನೇ ವಯಸ್ಸಿಗೆ. ಮುಂದೆ ಪುಟ್ಟ ಮಗಳ ಕೈಹಿಡಿದು ಕೊಡಗಿಗೂ ಬಂದು, ಆ ಬಗ್ಗೆ ಒಂದಿಡೀ ಪುಸ್ತಕ ಬರೆದಳು.

● ಅದಕ್ಕೂ 40 ವರ್ಷ ಮುಂಚೆ, 1923ರಲ್ಲಿ, ಮುಂಬಯಿಯ ಆರು ಮಂದಿ ಪಾರ್ಸಿ ಯುವಕರು ಸೈಕಲ್ಲಿನಲ್ಲಿ ಪ್ರಪಂಚ ಸುತ್ತಲು ಹೊರಟರು. 1928ರಲ್ಲಿ 71,000 ಕಿಲೋಮೀಟರ್ ಮುಗಿಸಿ ಮರಳಿದವರು ಮೂವರು: ಹಕೀಮ್, ಬಾಪಾಸೋಲಾ, ಭೂಮ್‌ಗರಾ.

● 1962ರಲ್ಲಿ ಜರ್ಮನಿಯ ಹೋವೆಲ್‌ಹೋಫ್ ಊರಿನಿಂದ ಹೊರಟ ಹೈಂಜ್ ಸ್ಟೂಕೆ, ಮೂರು ಗೇರಿನ ಸೈಕಲ್ಲಿನಲ್ಲಿ ದಶಕಗಳ ಕಾಲ ದೇಶ ದೇಶ ಅಲೆದ. 2006ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್‌ಗೆ ಬಂದಿಳಿದವನ ಸೈಕಲ್ಲನ್ನು ಯಾರೋ ಕದ್ದೇಬಿಟ್ಟರು. ಪುಣ್ಯಕ್ಕೆ ವಾಪಸು ಸಿಕ್ಕಿತು. ನನ್ನ ಸ್ನೇಹಿತನೊಬ್ಬ ಬೀಗದ ಜೊತೆಗೆ ಚಕ್ರಕ್ಕೊಂದು ದಾರ ಕಟ್ಟಿ, ಇನ್ನೊಂದು ತುದಿಯನ್ನು ಟೆಂಟಿನೊಳಗೆ ಕಾಲ್ಬೆರಳಿಗೆ ಸುತ್ತಿಕೊಂಡು ಮಲಗುತ್ತಾನೆ. ಒಮ್ಮೆ ನಡುರಾತ್ರಿ ದಾರ ಜಗ್ಗಿತು. ಟಾರ್ಚು ಹಿಡಿದು ಹೊರಬಿದ್ದರೆ, ಹ್ಯಾಂಡಲ್ಲಿಗೆ ನೇತುಹಾಕಿದ್ದ ಬಾಳೆಹಣ್ಣಿನ ಚೀಲದಲ್ಲಿ ಒಂದು ಮೇಕೆ ಮುಖ ಹುಗಿಸಿ ನಿಂತಿತ್ತು.