ಅರೆ ನಿವೃತ್ತಿ ಮತ್ತು ಉದ್ಯೋಗ ಕಡಿತದ ಪರಿಹಾರ

ನೌಕರಿಯನ್ನು ಪೂರ್ತಿ ಬಿಡದೆ, ಪಿಂಚಣಿಯ ಒಂದು ಪಾಲನ್ನು ಪಡೆಯುತ್ತಲೇ ಕಡಿಮೆ ಸಂಬಳಕ್ಕೆ ದುಡಿಮೆ ಮುಂದುವರಿಸುವ ಏರ್ಪಾಡನ್ನು ಅರೆ ನಿವೃತ್ತಿ ಎನ್ನಬಹುದು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ 2023ರ ಅಕ್ಟೋಬರ್ 1ರಿಂದ ಹಳೆಯ ಪಿಂಚಣಿ ಯೋಜನೆಯ ಸದಸ್ಯರಿಗೂ ಈ ಅವಕಾಶ ದೊರೆತಿದೆ. ಅದರೊಂದಿಗೆ ಒಂದು ಕಠಿಣ ಪ್ರಶ್ನೆಯೂ ಏಳುತ್ತದೆ: ಒಮ್ಮೆ ಪಿಂಚಣಿಗೆ ಲೆಕ್ಕ ಹಿಡಿದ ಸೇವಾವಧಿಯನ್ನು ಮುಂದೆ ಹುದ್ದೆ ರದ್ದಾದಾಗ ಕೊಡುವ ಪರಿಹಾರಕ್ಕೂ ಹಿಡಿಯಬೇಕೆ, ಬೇಡವೆ? ಭಾರತದ ಕಾನೂನಿನಲ್ಲಿ ಅರೆ ನಿವೃತ್ತಿ ಎಂಬ ಹೆಸರಿಲ್ಲವಾದರೂ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಬಸ್ ಡಿಪೊಗಳಲ್ಲಿ, ವಿದ್ಯುತ್ ಪೂರೈಸುವ ಹೆಸ್ಕಾಂ ಕಚೇರಿಗಳಲ್ಲಿ, ಪುರಸಭೆ ನಗರಸಭೆಗಳಲ್ಲಿ ದುಡಿಯುವವರ ಮುಂದೆ ಇದೇ ಪ್ರಶ್ನೆ ಬೇರೆ ಬೇರೆ ಹೆಸರುಗಳಲ್ಲಿ ಬಂದು ನಿಲ್ಲುತ್ತದೆ.

ಉದ್ಯೋಗ ಕಡಿತ, ಅಂದರೆ ನೌಕರನ ತಪ್ಪಿಲ್ಲದೆ ಮಾಲೀಕನೇ ಅವನನ್ನು ಕೆಲಸದಿಂದ ಬಿಡಿಸುವುದು, 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿ ಸ್ಪಷ್ಟ ಪರಿಹಾರವನ್ನು ಪಡೆದಿತ್ತು. ಕನಿಷ್ಠ ಒಂದು ವರ್ಷ ನಿರಂತರ ಸೇವೆ ಸಲ್ಲಿಸಿದವನಿಗೆ ಒಂದು ತಿಂಗಳ ನೋಟಿಸು ಅಥವಾ ಅದರ ಬದಲು ಸಂಬಳ, ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನ ಸಲ್ಲಬೇಕಿತ್ತು. ಅದರ ಬದಲಿಗೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಈ 15 ದಿನಗಳ ಅಳತೆಯನ್ನು ಉಳಿಸಿಕೊಂಡಿದೆ. ಸರ್ಕಾರಿ ಸ್ವಾಮ್ಯದ ಸಂಸ್ಥೆಗಳೂ ಈ ಕಾನೂನಿನ ಹರವಿಗೆ ಬರುತ್ತವೆ ಎಂಬುದನ್ನು ದೃಢಪಡಿಸಿದ್ದು ಕರ್ನಾಟಕದ್ದೇ ಆದ ಒಂದು ಮೊಕದ್ದಮೆ. ಬೆಂಗಳೂರು ಜಲಮಂಡಳಿಗೆ ಸಂಬಂಧಿಸಿದ ಆ ಪ್ರಕರಣದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠವು 'ಕೈಗಾರಿಕೆ' ಎಂಬ ಪದಕ್ಕೆ ವಿಶಾಲ ಅರ್ಥ ಕೊಟ್ಟಿತು.

ಆದರೆ ಎರಡೂ ಕಾನೂನುಗಳು ಉದ್ಯೋಗ ಕಡಿತದ ವ್ಯಾಖ್ಯೆಯಿಂದ ಕೆಲವು ಸಂದರ್ಭಗಳನ್ನು ಹೊರಗಿಟ್ಟಿವೆ. ಸ್ವಯಂ ನಿವೃತ್ತಿ, ವಯೋನಿವೃತ್ತಿ ಹಾಗೂ ಅವಧಿ ಮುಗಿದ ಗುತ್ತಿಗೆಯನ್ನು ನವೀಕರಿಸದಿರುವುದು ಅವುಗಳಲ್ಲಿ ಮುಖ್ಯವಾದವು. ಆದ್ದರಿಂದ ಹೊರಹೋಗುವ ಆದೇಶದಲ್ಲಿ ಯಾವ ಪದ ಬರೆದಿದೆ ಎಂಬುದೇ ಪರಿಹಾರದ ಹಕ್ಕನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ತಿಂಗಳಿಗೆ 30,000 ರೂಪಾಯಿ ಮೂಲವೇತನ ಮತ್ತು ತುಟ್ಟಿಭತ್ಯೆ ಪಡೆಯುತ್ತ 18 ವರ್ಷ ದುಡಿದ ಒಬ್ಬ ನೌಕರನನ್ನು ಕಲ್ಪಿಸಿಕೊಂಡರೆ, ಅವನು ಕಡಿತಕ್ಕೊಳಗಾದಾಗ ಸಿಗಬೇಕಾದ ಪರಿಹಾರ ಸುಮಾರು 2,70,000 ರೂಪಾಯಿ. ಅದೇ ದಿನ ಅವನೇ ಸ್ವಯಂ ನಿವೃತ್ತಿಯ ಅರ್ಜಿಗೆ ಸಹಿ ಹಾಕಿದ್ದರೆ ಈ ಬಾಬ್ತಿನಲ್ಲಿ ಸಿಗುವುದು ಸೊನ್ನೆ. ದೀರ್ಘ ಸೇವೆಗಾಗಿ ಕೊಡುವ ಗ್ರಾಚ್ಯುಟಿ ಮಾತ್ರ ಎರಡೂ ಸಂದರ್ಭಗಳಲ್ಲಿ ಉಳಿಯುತ್ತದೆ. ಕೊನೆಯ ಸಂಬಳವನ್ನು 26ರಿಂದ ಭಾಗಿಸಿ, 15 ದಿನ ಮತ್ತು ಸೇವೆಯ ವರ್ಷಗಳಿಂದ ಗುಣಿಸುವ ಅದರ ಸೂತ್ರದಂತೆ ಅವನಿಗೆ ಸುಮಾರು 3,11,500 ರೂಪಾಯಿ ಬರುತ್ತದೆ.

ಸಂಸ್ಥೆಯೇ ಪ್ಯಾಕೇಜು ಘೋಷಿಸಿ ಕರೆದ ಸ್ವಯಂ ನಿವೃತ್ತಿಯ ಮಾತು ಬೇರೆ. ಹಾವೇರಿ ಸೀಮೆಗೆ ದೂರವೇನಲ್ಲದ ಹೊಸಪೇಟೆಯ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಂಪನಿಯನ್ನೂ ಅನಂತರ 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಕಂಪನಿಯನ್ನೂ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿದಾಗ, ನೌಕರರಿಗೆ ಕೊಟ್ಟದ್ದು ಇಂಥ ಪ್ಯಾಕೇಜನ್ನೇ. ಕೇಂದ್ರೋದ್ಯಮಗಳಲ್ಲಿ ಬಳಕೆಯಲ್ಲಿರುವ ಗುಜರಾತ್ ಮಾದರಿಯ ಪ್ರಕಾರ ಪೂರೈಸಿದ ಪ್ರತಿ ವರ್ಷಕ್ಕೆ 35 ದಿನ, ಉಳಿದಿರುವ ಪ್ರತಿ ವರ್ಷಕ್ಕೆ 25 ದಿನಗಳ ಸಂಬಳ ಲೆಕ್ಕಕ್ಕೆ ಬರುತ್ತದೆ. ಆದುದರಿಂದ 18 ವರ್ಷ ಮುಗಿಸಿ ಇನ್ನೂ 12 ವರ್ಷ ಉಳಿದಿರುವವನಿಗೆ 930 ದಿನಗಳ ಸಂಬಳ ಸೇರುತ್ತದೆ, ಕಡಿತದ ಪರಿಹಾರವಾದರೆ 270 ದಿನಗಳದ್ದು ಮಾತ್ರ. ಆದರೆ ಈ ಮೊತ್ತವು ನಿವೃತ್ತಿಯವರೆಗೆ ಉಳಿದ ತಿಂಗಳುಗಳ ಸಂಬಳವನ್ನು ಮೀರುವಂತಿಲ್ಲವಾದ್ದರಿಂದ, ಸೇವೆಯ ಅಂಚಿಗೆ ಬಂದು ಒಂದೇ ವರ್ಷ ಉಳಿದವನಿಗೆ ಅದು ಹನ್ನೆರಡು ತಿಂಗಳ ಸಂಬಳಕ್ಕೆ ಕುಗ್ಗುತ್ತದೆ.

ನಿಜವಾದ ಅರ್ಥದಲ್ಲಿ ಅರೆ ನಿವೃತ್ತಿಗೆ ಹತ್ತಿರವಾದ ಸ್ಥಿತಿ ಸಾರಿಗೆ ಸಂಸ್ಥೆಯಂಥ ಕಡೆ ಕಾಣಸಿಗುತ್ತದೆ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಸದಸ್ಯತ್ವ 58ನೇ ವಯಸ್ಸಿಗೆ ಮುಗಿಯುತ್ತದೆ. ಅನಂತರವೂ ಕೆಲಸದಲ್ಲಿರುವ ನೌಕರ ಸಂಬಳದ ಜೊತೆಗೇ ಆ ಪಿಂಚಣಿಯನ್ನು ಪಡೆಯಬಹುದು. ಈ ಪಿಂಚಣಿ ಭವಿಷ್ಯನಿಧಿಯ ಬೇರೆ ಬೊಕ್ಕಸದಿಂದ ಬರುವಂಥದ್ದು, ಮಾಲೀಕನೊಡನೆ ಇರುವ ಸೇವಾ ಸಂಬಂಧವನ್ನು ಅದು ಕಡಿಯುವುದಿಲ್ಲ. ಹಾಗಾಗಿ ಗ್ರಾಚ್ಯುಟಿಗೆ ಕೊನೆಯ ದಿನದವರೆಗಿನ ಸೇವೆ ಲೆಕ್ಕಕ್ಕೆ ಬರುತ್ತದೆ.

ಅಪಾಯವಿರುವುದು ಪಿಂಚಣಿಯಲ್ಲಿ ಅಲ್ಲ, ತಗ್ಗಿದ ಸಂಬಳದಲ್ಲಿ. ಕಡಿತದ ಪರಿಹಾರ ಕೊನೆಯ ತಿಂಗಳುಗಳ ಸರಾಸರಿ ವೇತನವನ್ನೂ ಗ್ರಾಚ್ಯುಟಿ ಕೊನೆಯ ವೇತನವನ್ನೂ ಆಧರಿಸಿರುವುದರಿಂದ, ಕಡಿಮೆ ಸಂಬಳದ ಹಗುರ ಕೆಲಸವನ್ನು ತಾನಾಗಿ ಒಪ್ಪಿಕೊಂಡವನು ಹಿಂದಿನ ಪೂರ್ಣ ಸಂಬಳದ ವರ್ಷಗಳ ಬೆಲೆಯನ್ನೂ ಕಳೆದುಕೊಳ್ಳುವ ಸಂಭವವಿದೆ. ದೃಷ್ಟಿ ಮಂದವಾದ ಅಥವಾ ಬೆನ್ನುಮೂಳೆ ಸವೆದ ಬಸ್ ಚಾಲಕನ ಪಾಲಿಗೆ ಇದು ಬದುಕಿನ ಪ್ರಶ್ನೆ. ಇಂಥವನ ಮುಂದೆ ಸ್ವಯಂ ನಿವೃತ್ತಿಯೊಂದೇ ದಾರಿ ಎಂಬ ಮಾತು ಬಂದರೆ ಅದು ಸರಿಯಲ್ಲ. ಕಾನೂನು ಅಂಗವೈಕಲ್ಯವೆಂದು ಗುರುತಿಸುವ ಸ್ಥಿತಿಗೆ ಸೇವೆಯಲ್ಲಿದ್ದಾಗಲೇ ಗುರಿಯಾದ ನೌಕರನನ್ನು ಸರ್ಕಾರಿ ಸಂಸ್ಥೆಯು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆಯನ್ನೂ ಇಳಿಸುವಂತಿಲ್ಲ ಎಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಹೇಳುತ್ತದೆ. ಹಳೆಯ ಕೆಲಸಕ್ಕೆ ಅವನು ಒಗ್ಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆ ಕೊಡಬೇಕು, ಅಂಥ ಹುದ್ದೆ ಇಲ್ಲದಿದ್ದರೆ ಅದು ಸಿಗುವವರೆಗೆ ಅಥವಾ ವಯೋನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಉಳಿಸಿಕೊಳ್ಳಬೇಕು. ಅಂಗವೈಕಲ್ಯದ ಬಳಿಕ ಸಂಬಳ ತಗ್ಗಿದ್ದರೂ ಅದಕ್ಕೆ ಮುಂಚಿನ ವರ್ಷಗಳಿಗೆ ಹಳೆಯ ಸಂಬಳವನ್ನೇ ಹಿಡಿದು ಗ್ರಾಚ್ಯುಟಿ ಲೆಕ್ಕ ಹಾಕಬೇಕೆಂದು 1972ರ ಗ್ರಾಚ್ಯುಟಿ ಪಾವತಿ ಕಾಯ್ದೆಯೇ ವಿಧಿಸಿತ್ತು.

ತಹಶೀಲ್ದಾರ್ ಕಚೇರಿಯಂಥ ಇಲಾಖೆಗಳ ಕಾಯಂ ನೌಕರರಿಗೆ ಅನ್ವಯಿಸುವುದು ಕೈಗಾರಿಕಾ ಕಾನೂನಲ್ಲ, ಸೇವಾ ನಿಯಮಗಳು. ಅವರ ಕಾಯಂ ಹುದ್ದೆ ರದ್ದಾಗಿ ಬೇರೆ ಹುದ್ದೆ ದೊರೆಯದಿದ್ದರೆ ಕೊಡುವುದಕ್ಕೆ ಪರಿಹಾರ ಪಿಂಚಣಿ ಎಂದು ಹೆಸರು. ಆದರೆ 2006ರ ಏಪ್ರಿಲ್ 1ರಿಂದೀಚೆಗೆ ರಾಜ್ಯ ಸರ್ಕಾರದ ಸೇವೆಗೆ ಸೇರಿದವರು ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯಲ್ಲಿರುವುದರಿಂದ ಅವರ ಸ್ಥಿತಿ ಬೇರೆ. ಪರಿಹಾರ ಪಿಂಚಣಿ ಪಡೆದವನು ಮತ್ತೆ ಕಾಯಂ ಸೇವೆಗೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ಕೇಂದ್ರದ 1972ರ ಪಿಂಚಣಿ ನಿಯಮಗಳು ನೇರ ಉತ್ತರ ಕೊಟ್ಟಿದ್ದವು: ಪಿಂಚಣಿಯನ್ನು ಉಳಿಸಿಕೊಂಡರೆ ಹಿಂದಿನ ಸೇವೆ ಲೆಕ್ಕಕ್ಕಿಲ್ಲ, ಹಿಂದಿನ ಸೇವೆ ಲೆಕ್ಕಕ್ಕೆ ಬರಬೇಕಾದರೆ ಪಿಂಚಣಿಯನ್ನು ಬಿಟ್ಟು ಪಡೆದ ಗ್ರಾಚ್ಯುಟಿಯನ್ನು ಮರಳಿಸಬೇಕು. ಒಂದೇ ವರ್ಷದ ದುಡಿಮೆಗೆ ಎರಡು ಸಲ ಹಣವಿಲ್ಲ ಎಂಬ ಈ ಎಣಿಕೆ ಬ್ರಿಟನ್ನಿನ ಪ್ರಶ್ನೆಯ ಹಿಂದೆಯೂ ಇರುವಂಥದ್ದೇ. ಸರ್ಕಾರಿ ಸೇವೆಯಲ್ಲಿ ರಾಜೀನಾಮೆಯು ಸಾಮಾನ್ಯವಾಗಿ ಹಿಂದಿನ ಸೇವೆಯನ್ನೇ ಅಳಿಸುತ್ತದೆ. ಸ್ವಯಂ ನಿವೃತ್ತಿಗೆ ಅರ್ಹನಾದವನು ಮನೆಯ ತಾಪತ್ರಯದ ನಡುವೆ ರಾಜೀನಾಮೆ ಎಂದು ಬರೆದುಕೊಟ್ಟರೆ ಪಿಂಚಣಿಯೇ ಕೈತಪ್ಪುವ ಭಯವಿದೆ. ಇನ್ನು ಪೂರ್ತಿ ನಿವೃತ್ತಿಯಾದ ಮೇಲೆ ಅದೇ ಕಚೇರಿಗೆ ವರ್ಷದ ಗುತ್ತಿಗೆಯ ಮೇಲೆ ಮರಳಿದವರ ವಿಚಾರ. ಅವರ ಹಳೆಯ ಸೇವೆ ಪಿಂಚಣಿಯಲ್ಲಿ ಸಂದಾಯವಾಗಿರುತ್ತದೆ. ಹೊಸ ಗುತ್ತಿಗೆಯು ಅವಧಿ ಮುಗಿದು ನಿಂತರೆ ಅದು ಕಡಿತವೆನಿಸುವುದಿಲ್ಲ. ಆದರೆ ಅವಧಿ ಮುಗಿಯುವ ಮೊದಲೇ ಕೆಲಸ ಬಿಡಿಸಿದರೆ, ಗುತ್ತಿಗೆಯ ಕಾಗದದಲ್ಲಿ ನೋಟಿಸಿನ ಬಗ್ಗೆ ಬರೆದಿರುವ ಷರತ್ತನ್ನು ಮೊದಲು ನೋಡಬೇಕಾಗುತ್ತದೆ.