ಹಬ್ಬಕ್ಕೆ ಬಂದ ಟಾಮಿ, ಕೈಕೊಟ್ಟ ಕಂಪ್ಯೂಟರ್

ಕಳೆದ ಬಕ್ರೀದ್‌ಗೆ ನಮ್ಮ ಮನೆಗೆ ಬಂದವರಲ್ಲಿ ಹೆಚ್ಚು ದಿನ ಉಳಿದದ್ದು ಟಾಮಿ. ನೆಂಟನಲ್ಲ, ಪಕ್ಕದ ಮನೆಯ ನಾಯಿ. ಆ ಮನೆಯ ಅಕ್ಕನ ಮಗಳಿಗೆ ಬೆಂಗಳೂರಿನಲ್ಲಿ ಹೆರಿಗೆ. ಹಬ್ಬದ ಹಿಂದಿನ ಸಂಜೆ ಅವರು ಗೇಟಿನ ಹತ್ತಿರ ನಿಂತು ಉಮ್ಮನಲ್ಲಿ, "ನಾಲ್ಕು ದಿನ ಇವನಿಗೆ ಒಂದು ಹಿಡಿ ಅನ್ನ ಹಾಕ್ತೀರಾ?" ಅಂತ ಕೇಳಿದರು. ಕೇಳುವಾಗ ಅವರಿಗೇ ಸಂಕೋಚ. ನಾಯಿ ವಿಷಯದಲ್ಲಿ ಬ್ಯಾರಿಗಳ ಮನೆ ಹೇಗೆ ಅಂತ ಇಷ್ಟು ವರ್ಷ ಪಕ್ಕದಲ್ಲೇ ಇದ್ದವರಿಗೆ ಗೊತ್ತಿಲ್ಲದೆ ಇರ್ತದಾ? ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದಕ್ಕೂ ಹೊಟ್ಟೆ ಉಂಟಲ್ಲ, ನೀವು ಹೋಗಿ ಬನ್ನಿ" ಅಂದರು.

ನಾವು ಶಾಫಿಈಗಳು. ನಾಯಿಯ ಜೊಲ್ಲು ತಾಗಿದರೆ ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಬೆರೆಸಿದ ನೀರಿನಲ್ಲಿ. ಅದರ ಒಣ ಮೈ ನಮ್ಮ ಒಣ ಬಟ್ಟೆಗೆ ತಾಗಿದರೆ ತೊಂದರೆಯಿಲ್ಲ ನಿಜ. ಆದರೆ ಜೂನ್ ತಿಂಗಳ ಮಳೆಯಲ್ಲಿ ನಮ್ಮ ಊರಿನಲ್ಲಿ ಒಣಗಿದ್ದು ಅಂತ ಎಂತ ಉಂಟು ಮಾರಾಯ್ರೆ? ಉಮ್ಮ ಹಳೆಯ ಅಲ್ಯೂಮಿನಿಯಂ ಬಟ್ಟಲೊಂದನ್ನು ಬೇರೆ ಇಟ್ಟರು, ಜಗಲಿಯ ಮೂಲೆಗೆ ಗೋಣಿ ಹಾಸಿದರು. ಒಳಗೆ ಬರುವ ಹಾಗಿಲ್ಲ ಅಂತ ಟಾಮಿಗೆ ಬ್ಯಾರಿಯಲ್ಲೇ ಹೇಳಿದರು. ತುಳು ಕೇಳಿ ಬೆಳೆದ ನಾಯಿ, ಆದರೂ ಅರ್ಥವಾದ ಹಾಗೆ ಕಂಡಿತು. ಬಾಯಾರಿದ ನಾಯಿಗೆ ಬಾವಿಗಿಳಿದು ಕಾಲ್ಚೀಲದಲ್ಲಿ ನೀರು ತಂದುಕೊಟ್ಟು ಪಾಪ ಕ್ಷಮೆಯಾದ ಮನುಷ್ಯನ ಹದೀಸನ್ನು ನಾವೆಲ್ಲ ಮದ್ರಸದಲ್ಲಿ ಕೇಳಿದವರೇ. ಆದರೆ ಕೇಳುವುದು ಬೇರೆ, ದಿನಕ್ಕೆ ಎರಡು ಸಲ ಕೊಡೆ ಹಿಡಿದು ಬಟ್ಟಲು ತುಂಬಿಸುವುದು ಬೇರೆ.

ಹಬ್ಬದ ಮರುದಿನ ಮನೆಯಲ್ಲಿ ಉಳಿದದ್ದೇ ಉಳಿದದ್ದು. ನೈಚೋರು, ಪತ್ತಿರ್, ಎರಡು ಪಾತ್ರೆ ಸಾರು, ಕೋಳಿ ಬೇರೆ. ನಾನು ಬಿರಿಯಾನಿಯನ್ನೇ ನಾಯಿಗೆ ಹಾಕಲು ಹೊರಟಿದ್ದೆ. ನಾಯಿ ಸಾಕಿ ಗೊತ್ತಿದ್ದ ತಮ್ಮನ ಗೆಳೆಯ ತಡೆದ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡ್ತವೆ, ಬೇಯಿಸಿದ ಎಲುಬು ಚೂರಾಗಿ ಕರುಳಿಗೆ ಚುಚ್ಚುತ್ತದೆ ಅಂದ. ಎಲುಬು ಹಾಕುವುದೇ ಉಪಕಾರ ಅಂತ ಇಷ್ಟು ದಿನ ತಿಳಿದಿದ್ದೆವು! ಆಮೇಲೆ ಉಮ್ಮ ಟಾಮಿಗೆಂದೇ ಉಪ್ಪು ಮಸಾಲೆ ಇಲ್ಲದೆ ಕೋಳಿ ಬೇಯಿಸಿ, ಎಲುಬು ತೆಗೆದು, ಕುಚ್ಚಲಕ್ಕಿ ಅನ್ನಕ್ಕೆ ಕಲಸಿದರು. "ನನ್ನ ಮೊಮ್ಮಕ್ಕಳಿಗೂ ಇಷ್ಟು ಮಾಡಿಲ್ಲ" ಅಂತ ಗೊಣಗಿದ್ದೂ ಉಂಟು.

ಎರಡನೇ ರಾತ್ರಿ ಗುಡುಗು, ಕರೆಂಟ್ ಇಲ್ಲ. ಫ್ರಿಜ್ ಬಾಗಿಲು ತೆರೆಯದಿದ್ದರೆ ಒಳಗಿನ ಅಡುಗೆ ಸುಮಾರು 4 ಗಂಟೆ ತಡೆಯುತ್ತದೆ, ತುಂಬಿದ ಫ್ರೀಜರ್ ಆದರೆ 48 ಗಂಟೆ. ನಮ್ಮ ಫ್ರೀಜರ್ ಕುರ್ಬಾನಿ ಮಾಂಸದಿಂದ ತುಂಬಿತ್ತು, ಹಾಗಾಗಿ ಅದು ಉಳಿಯಿತು. ಸಾರು ಉಳಿಯಲಿಲ್ಲ. ಬೆಳಿಗ್ಗೆ ಕರೆಂಟ್ ಬಂತು, ಹೋಯಿತು, ಮತ್ತೆ ಬಂತು. ಆಗ ನಾನು ಮಾಡಿದ ತಪ್ಪು, ಕಂಪ್ಯೂಟರ್ ಸ್ವಿಚ್ ಆಫ್ ಮಾಡದೆ ಇದ್ದದ್ದು. ಅದು ಮತ್ತೆ ಶುರುವಾಗಲಿಲ್ಲ. ಒಳಗಿಂದ ಟಿಕ್, ಟಿಕ್ ಅಂತ ಒಂದು ಶಬ್ದ.

ಅದರಲ್ಲಿ ನನ್ನ ಅಂಗಡಿಯ ಲೆಕ್ಕ ಇತ್ತು, ಅದು ಹೋದರೆ ಹೋಗಲಿ. ಅಜ್ಜಿಯ ಸ್ವರ ಇತ್ತು. ತೀರಿಹೋಗುವ ಎರಡು ವರ್ಷ ಮೊದಲು ಮೊಬೈಲಿನಲ್ಲಿ ಹಿಡಿದದ್ದು. ಮದುವೆಮನೆಯ ಹಾಡು, ಒಗಟು, ಮೀನಿನ ಹೆಸರುಗಳು, ನಾವು ಈಗ ಯಾರೂ ಆಡದ ಬ್ಯಾರಿ ಶಬ್ದಗಳು. ನಮ್ಮ ಭಾಷೆಗೆ ಸಾಹಿತ್ಯ ಅಕಾಡೆಮಿ ಬಂದದ್ದೇ 2009ರಲ್ಲಿ. ಅಜ್ಜಿಯಂಥವರು ಒಂದಕ್ಷರ ಬರೆದವರಲ್ಲ, ಅವರದ್ದೆಲ್ಲ ಬಾಯಲ್ಲೇ. ಬೇರೆ ಕಡೆ ಒಂದು ನಕಲು ಇಡುತ್ತೇನೆ ಅಂತ ನಾನು ಹೇಳುತ್ತಲೇ ಇದ್ದೆ.

ರಿಪೇರಿಯವನು ಕಿವಿಗೊಟ್ಟು ಕೇಳಿ, "ಇದನ್ನು ಎಷ್ಟು ಸಲ ಆನ್ ಮಾಡಿದ್ರಿ?" ಅಂದ. ಹತ್ತು ಸಲ ಮಾಡಿದ್ದೆ. ಡಿಸ್ಕಿನೊಳಗೆ ಓದುವ ಹೆಡ್ ಕೆಟ್ಟರೆ ಇಂಥ ಶಬ್ದ ಬರ್ತದಂತೆ. ಆಗ ಮತ್ತೆ ಮತ್ತೆ ಆನ್ ಮಾಡಿದರೆ ಹೆಡ್ ಡಿಸ್ಕಿನ ಮೈಯನ್ನೇ ಕೆರೆದು ಉಳಿದದ್ದನ್ನೂ ತೆಗೆಯುತ್ತದೆ. ಇಲ್ಲಿ ಬಿಚ್ಚುವ ಹಾಗಿಲ್ಲ, ಧೂಳಿಲ್ಲದ ಕೋಣೆ ಬೇಕು, ಬೆಂಗಳೂರಿಗೆ ಕಳಿಸಬೇಕು, ದುಬಾರಿ, ಸಿಗ್ತದೆ ಅಂತ ಗ್ಯಾರಂಟಿಯೂ ಇಲ್ಲ.

ಉಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಜಗಲಿಯಲ್ಲಿ ಕುಳಿತು ಟಾಮಿಯನ್ನೇ ನೋಡುತ್ತಿದ್ದರು. ರಾತ್ರಿ ದಮ್ಮಾಮಿನಲ್ಲಿರುವ ಚಿಕ್ಕಮ್ಮನ ಮಗನಿಗೆ ಫೋನ್ ಮಾಡಿ ವಿಷಯ ಹೇಳಿದೆ. ಮುಂದಿನ ದಿನ ಅವನಿಂದ ವಾಟ್ಸಾಪಿನಲ್ಲಿ ಎರಡು ತುಣುಕು ಬಂದವು. ನಾನೇ ಹಿಂದೆ ಕಳಿಸಿ ಮರೆತದ್ದು. ಒಂದು ಒಗಟು, ಅರ್ಧ ಹಾಡು.

ಆ ಅರ್ಧವನ್ನು ಉಮ್ಮ ಮೂರು ಸಲ ಕೇಳಿದರು. ನಾಲ್ಕನೇ ಸಲ ಅಜ್ಜಿ ನಿಂತಲ್ಲಿಂದ ತಾವೇ ಮುಂದುವರಿಸಿದರು. ನಾನು ಮೊಬೈಲ್ ಆನ್ ಮಾಡುವಷ್ಟರಲ್ಲಿ ಎರಡು ಸಾಲು ಕಳೆದಿತ್ತು. "ಉಮ್ಮ, ಮೊದಲಿಂದ" ಅಂದೆ. ಮೊದಲಿಂದ ಹೇಳಿದರು. ನಡುವೆ ಟಾಮಿ ಬೊಗಳಿದ್ದೂ ಅದರಲ್ಲಿ ಉಂಟು. ಅದನ್ನು ಅಂದೇ ದಮ್ಮಾಮಿಗೂ ತಂಗಿಗೂ ಕಳಿಸಿದೆ, ಪೆನ್‌ಡ್ರೈವಿಗೂ ಹಾಕಿದೆ.

ಅಕ್ಕ ನಾಲ್ಕು ದಿನ ಅಂದವರು ಒಂಬತ್ತು ದಿನ ಕಳೆದು, ಮೊಮ್ಮಗಳ ಹೆಸರಲ್ಲಿ ಲಡ್ಡು ಹಿಡಿದು ಬಂದರು. ಟಾಮಿ ಅವರ ಮನೆಗೆ ಹೋದ. ಆದರೂ ಸಂಜೆಯಾದರೆ ಗೇಟಿನ ಸಂದಿಯಿಂದ ನುಗ್ಗಿ ಬಂದು ಗೋಣಿಯ ಮೇಲೆ ಕೂರ್ತಾನೆ. ಬಟ್ಟಲು ಅಲ್ಲೇ ಉಂಟು. ಹಳೆಯ ಡಿಸ್ಕ್ ಕೂಡ ಬಟ್ಟೆ ಸುತ್ತಿ ಕಪಾಟಿನಲ್ಲಿ ಉಂಟು. ಬೆಂಗಳೂರಿಗೆ ಕಳಿಸುವ ದುಡ್ಡನ್ನು ಉಮ್ಮ ಬೇರೆಯೇ ಡಬ್ಬಿಯಲ್ಲಿ ಹಾಕುತ್ತಿದ್ದಾರೆ.